ರೋಗದಿಂದ ಬರುವ ಲಾಭ: ಹೂಡಿಕೆದಾರನ ಮುಂದಿರುವ ಧರ್ಮಪ್ರಶ್ನೆ

ಕೋವಿಡ್ ರ್‍ಯಾಪಿಡ್ ಟೆಸ್ಟ್ ಕಿಟ್ ತಯಾರಿಸುವ ಕಂಪನಿಯ ಷೇರು ಕೊಂಡವನ ಲಾಭ ಸೋಂಕಿನ ಜೊತೆಗೇ ಏರುತ್ತದೆ, ಸೋಂಕಿನ ಜೊತೆಗೇ ಇಳಿಯುತ್ತದೆ. ಹೊಸ ಅಲೆ ಎದ್ದರೆ ಕಿಟ್‌ಗೆ ಎಲ್ಲಿಲ್ಲದ ಬೇಡಿಕೆ. ಲಸಿಕೆ ಫಲಿಸಿ ಜನ ನಿಶ್ಚಿಂತರಾದರೆ ಅದೇ ಕಿಟ್ ಗೋದಾಮಿನಲ್ಲಿ ಕೊಳೆಯುತ್ತದೆ. ಹಾಗಾಗಿ ಇಂಥ ಕಂಪನಿಯಲ್ಲಿ ಉಳಿತಾಯದ ಹಣ ತೊಡಗಿಸಬೇಕೇ ಬೇಡವೇ ಎಂದು ಲೆಕ್ಕ ಹಾಕುವವನು, ಮುಂದಿನ ಚಳಿಗಾಲದಲ್ಲಿ ಎಷ್ಟು ಜನ ಕಾಯಿಲೆ ಬೀಳಬಹುದು ಎಂಬ ಲೆಕ್ಕವನ್ನೂ ಹಾಕಲೇಬೇಕಾಗುತ್ತದೆ. ಪರರ ರೋಗವನ್ನು ತನ್ನ ಆದಾಯದ ಅಂದಾಜಿಗೆ ಸೇರಿಸಿಕೊಳ್ಳುವುದು ಅಧರ್ಮವೇ? 2020ರಿಂದ 2022ರವರೆಗೆ, ಮುಖ್ಯವಾಗಿ ಅಮೆರಿಕದಲ್ಲಿ, ಅಸಂಖ್ಯ ಸಣ್ಣ ಹೂಡಿಕೆದಾರರ ಮುಂದೆ ಈ ಪ್ರಶ್ನೆ ನಿಂತಿತ್ತು. ಪ್ರಶ್ನೆ ಮಾತ್ರ ಬಹಳ ಹಳೆಯದು. ಗ್ರೀಕ್, ರೋಮನ್, ಜೈನ, ಇಸ್ಲಾಂ ಮತ್ತು ಶರಣ ಪರಂಪರೆಗಳೆಲ್ಲ ಇದರ ಒಂದಲ್ಲ ಒಂದು ಮುಖವನ್ನು ಎದುರಿಸಿವೆ. ಅವುಗಳ ಉತ್ತರಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಗೆರೆ ಸ್ಪಷ್ಟವಾಗುತ್ತದೆ: ರೋಗವಿದ್ದಾಗ ಲಾಭ ಬರುವುದು ತಪ್ಪಲ್ಲ, ರೋಗ ಬರಲಿ ಎಂದು ಹಾರೈಸುವುದು ಮತ್ತು ಲಾಭಕ್ಕಾಗಿ ನಿಜವನ್ನು ಮುಚ್ಚಿಡುವುದು ತಪ್ಪು.

ಸರಕಿನ ಸ್ವರೂಪ

ನೈತಿಕ ವಿಚಾರಕ್ಕೆ ಮೊದಲು ಸರಕನ್ನು ಅರಿಯಬೇಕು. ಇಂಥ ರ್‍ಯಾಪಿಡ್ ಕಿಟ್‌ಗಳಲ್ಲಿ ಒಂದಾದ ಆಂಟಿಜೆನ್ ಕಿಟ್‌ನ ಪ್ಲಾಸ್ಟಿಕ್ ಕವಚದೊಳಗೆ ನೈಟ್ರೋಸೆಲ್ಯುಲೋಸಿನ ಒಂದು ಕಿರಿದಾದ ಪಟ್ಟಿ ಇರುತ್ತದೆ. ಮೂಗಿನಿಂದ ತೆಗೆದ ಮಾದರಿಯನ್ನು ದ್ರಾವಣದಲ್ಲಿ ಕಲಸಿ ಕೆಲವು ಹನಿಗಳನ್ನು ಪಟ್ಟಿಯ ಒಂದು ತುದಿಗೆ ಬಿಡುತ್ತಾರೆ. ದ್ರವ ಪಟ್ಟಿಯುದ್ದಕ್ಕೂ ಹರಿಯುವಾಗ, ಸಾಮಾನ್ಯವಾಗಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ವೈರಸ್ಸಿನ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನನ್ನು ಹಿಡಿದುಕೊಂಡು ಸಾಗುತ್ತವೆ. 'ಟಿ' ಗೆರೆಯಲ್ಲಿ ಕೂರಿಸಿದ ಇನ್ನೊಂದು ಗುಂಪಿನ ಪ್ರತಿಕಾಯಗಳು ಆ ಜೋಡಿಯನ್ನು ತಡೆದು ನಿಲ್ಲಿಸುತ್ತವೆ. ಕಣಗಳು ಒಂದೆಡೆ ಸೇರಿದಾಗ ಬಣ್ಣದ ಗೆರೆ ಮೂಡುತ್ತದೆ. 'ಸಿ' ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿತು ಎಂಬುದಕ್ಕೆ ಸಾಕ್ಷಿ. ಸುಮಾರು ಹದಿನೈದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ.

ಈ ಪಟ್ಟಿ ಔಷಧವಲ್ಲ, ಯಾರ ಕಾಯಿಲೆಯನ್ನೂ ಅದು ವಾಸಿ ಮಾಡುವುದಿಲ್ಲ. ಅದು ಮಾರುವುದು ಒಂದು ತಿಳಿವಳಿಕೆಯನ್ನು ಮಾತ್ರ: ಈ ದೇಹದಲ್ಲಿ ಈಗ ವೈರಸ್ ಇದೆಯೋ ಇಲ್ಲವೋ ಎಂಬುದು. ಆ ತಿಳಿವಳಿಕೆಗೂ ಮಿತಿಯಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ 2021ರ ಪರಾಮರ್ಶೆಯ ಪ್ರಕಾರ ಇಂಥ ಪರೀಕ್ಷೆಗಳು ರೋಗಲಕ್ಷಣವಿದ್ದ ಸೋಂಕಿತರಲ್ಲಿ ಸರಾಸರಿ ಶೇ 72ರಷ್ಟು ಮಂದಿಯನ್ನು, ಲಕ್ಷಣವಿಲ್ಲದವರಲ್ಲಿ ಶೇ 58ರಷ್ಟು ಮಂದಿಯನ್ನು ಮಾತ್ರ ಗುರುತಿಸಿದ್ದವು. ಸೋಂಕಿತರಲ್ಲಿ ಕನಿಷ್ಠ ಶೇ 80 ಮಂದಿಯನ್ನು ಪತ್ತೆ ಹಚ್ಚಬೇಕು, ಸೋಂಕಿಲ್ಲದವರಲ್ಲಿ ಕನಿಷ್ಠ ಶೇ 97 ಮಂದಿಗೆ ಸರಿಯಾಗಿ 'ಇಲ್ಲ' ಎನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ.

ಈ ಮಾನದಂಡ ಮುಟ್ಟಿದ ಕಿಟ್ ಕೂಡ ಎಲ್ಲ ಕಾಲದಲ್ಲೂ ಒಂದೇ ಬೆಲೆಯ ಸತ್ಯವನ್ನು ಹೇಳುವುದಿಲ್ಲ. ಹತ್ತು ಸಾವಿರ ಜನರಲ್ಲಿ ನೂರು ಮಂದಿಗೆ ಸೋಂಕಿದೆ ಎಂದುಕೊಳ್ಳೋಣ. ಕಿಟ್ ಆ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ. ಉಳಿದ 9,900 ಆರೋಗ್ಯವಂತರಲ್ಲಿ ಶೇ 3, ಅಂದರೆ 297 ಮಂದಿಗೆ ಸುಳ್ಳೇ 'ಪಾಸಿಟಿವ್' ಎನ್ನುತ್ತದೆ. ಒಟ್ಟು 377 ಪಾಸಿಟಿವ್‌ಗಳಲ್ಲಿ ನಿಜವಾದವು 80 ಮಾತ್ರ. ಸೋಂಕು ದಟ್ಟವಾಗಿದ್ದಾಗ ಅದೇ ಕಿಟ್‌ನ ಮಾತು ಹೆಚ್ಚು ನಂಬಲರ್ಹ. ಯಾರಿಗೆ, ಯಾವಾಗ, ಎಷ್ಟು ಬಾರಿ ಪರೀಕ್ಷೆ ಬೇಕು ಎಂಬುದು ಹಾಗಾಗಿ ವೈದ್ಯಕೀಯ ವಿವೇಕದ ವಿಷಯ. ಹೆಚ್ಚು ಕಿಟ್ ಮಾರಾಟವಾದಷ್ಟೂ ಹೆಚ್ಚು ಸೇವೆಯಾಯಿತು ಎನ್ನಲಾಗದು. ಮಾರಾಟದ ಅಂಕಿಯನ್ನಷ್ಟೇ ನೋಡುವ ಹೂಡಿಕೆದಾರನ ಹಿತವೂ ಸಮಾಜದ ಹಿತವೂ ಬೇರೆಯಾಗತೊಡಗುವುದು ಇಲ್ಲಿಂದಲೇ.

ಮಾರುಕಟ್ಟೆಯ ಏರಿಳಿತ

2020ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೊದಲ ಬಾರಿಗೆ ಒಂದು ಆಂಟಿಜೆನ್ ಪರೀಕ್ಷೆಗೆ ತುರ್ತು ಅನುಮತಿ ಕೊಟ್ಟಿತು. ಅದು ಸ್ಯಾನ್ ಡಿಯಾಗೊದ ಕ್ವಿಡೆಲ್ ಕಂಪನಿಯದು. ವರ್ಷದ ಆರಂಭದಲ್ಲಿ ಸುಮಾರು 75 ಡಾಲರ್ ಇದ್ದ ಅದರ ಷೇರು ಆಗಸ್ಟ್ ಹೊತ್ತಿಗೆ 300 ಡಾಲರ್ ದಾಟಿತು. 2019ರಲ್ಲಿ ಸುಮಾರು 53 ಕೋಟಿ ಡಾಲರ್ ಇದ್ದ ವರಮಾನ 2020ರಲ್ಲಿ 166 ಕೋಟಿ ಡಾಲರಿಗೆ ಏರಿತು. ಅದೇ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ 'ಬೈನ್ಯಾಕ್ಸ್‌ನೌ' ಐದು ಡಾಲರ್ ಬೆಲೆಗೆ ಬಂತು. ಅಮೆರಿಕ ಸರ್ಕಾರ ಸುಮಾರು 76 ಕೋಟಿ ಡಾಲರ್ ಕೊಟ್ಟು 15 ಕೋಟಿ ಕಿಟ್‌ಗಳನ್ನು ಖರೀದಿಸಿತು. ದಕ್ಷಿಣ ಕೊರಿಯಾದ ಎಸ್‌ಡಿ ಬಯೋಸೆನ್ಸರ್ 2021ರ ಜುಲೈನಲ್ಲಿ ಷೇರುಪೇಟೆಗೆ ಕಾಲಿಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಜೂನ್‌ನಲ್ಲಿ ಭಾರತದ ಬಳಕೆಗೆ ಮೊದಲು ಒಪ್ಪಿದ ಆಂಟಿಜೆನ್ ಕಿಟ್ ಇದೇ ಕಂಪನಿಯದು.

ಏರಿದ್ದೆಲ್ಲ ಏರಿಯೇ ಉಳಿಯಲಿಲ್ಲ. 2020ರ ನವೆಂಬರ್ 9ರಂದು ಫೈಜರ್ ಲಸಿಕೆಯ ಶುಭವಾರ್ತೆ ಬಂದಾಗ ಜಗತ್ತು ನಿಟ್ಟುಸಿರು ಬಿಟ್ಟಿತು. ಕಿಟ್ ತಯಾರಕರ ಷೇರುಗಳು ಕುಸಿದವು. ಮನೆಯಲ್ಲೇ ಮಾಡಿಕೊಳ್ಳುವ ಆಣ್ವಿಕ ಪರೀಕ್ಷೆ ತಯಾರಿಸುತ್ತಿದ್ದ ಲುಸಿರಾ ಹೆಲ್ತ್ 2021ರ ಫೆಬ್ರುವರಿಯಲ್ಲಿ 17 ಡಾಲರ್ ದರದಲ್ಲಿ ಷೇರು ಮಾರಿತ್ತು. ಎರಡು ವರ್ಷಗಳ ಬಳಿಕ, 2023ರ ಫೆಬ್ರುವರಿಯಲ್ಲಿ, ಅದು ದಿವಾಳಿ ಅರ್ಜಿ ಹಾಕಿತು. ಕೋವಿಡ್ ಮತ್ತು ಫ್ಲೂ ಎರಡನ್ನೂ ಮನೆಯಲ್ಲೇ ಪತ್ತೆ ಮಾಡುವ ಅದರ ಕಿಟ್‌ಗೆ ಸರ್ಕಾರದ ಅನುಮತಿ ಸಿಕ್ಕಿದ್ದು ಅದಾಗಿ ಎರಡೇ ದಿನಕ್ಕೆ. 2021ರ ಸೆಪ್ಟೆಂಬರ್‌ನಲ್ಲಿ 16 ಡಾಲರಿನಂತೆ ಷೇರು ಮಾರಿದ ಕ್ಯೂ ಹೆಲ್ತ್ 2024ರ ಮೇನಲ್ಲಿ ಬಾಗಿಲು ಮುಚ್ಚಿತು. ಇವುಗಳಲ್ಲಿ ಹಣ ಹಾಕಿದವರು ಕೂತಲ್ಲೇ ಲಾಭ ಉಂಡವರಲ್ಲ. ಅನೇಕರು ಅಸಲನ್ನೂ ಕಳೆದುಕೊಂಡರು. ಹೂಡಿಕೆದಾರನ ನೈತಿಕತೆಯನ್ನು ತೂಗುವಾಗ ಅವನು ಹೊತ್ತ ನಷ್ಟದ ಭಾರವೂ ತಕ್ಕಡಿಯಲ್ಲಿರಬೇಕು.

ಡೆಮಾಡೀಸನ ತೀರ್ಪು

ಈ ಪ್ರಶ್ನೆಯ ಅತಿ ಹಳೆಯ ಮೊಕದ್ದಮೆಯೊಂದನ್ನು ರೋಮಿನ ತತ್ತ್ವಜ್ಞಾನಿ ಸೆನೆಕಾ ಉಪಕಾರವನ್ನು ಕುರಿತ ತನ್ನ ಗ್ರಂಥದ ಆರನೆಯ ಭಾಗದಲ್ಲಿ ದಾಖಲಿಸಿದ್ದಾನೆ. ಅಥೆನ್ಸ್‌ನಲ್ಲಿ ಶವಸಂಸ್ಕಾರದ ಸಾಮಗ್ರಿ ಮಾರುತ್ತಿದ್ದ ಒಬ್ಬ ವ್ಯಾಪಾರಿಗೆ ಡೆಮಾಡೀಸ್ ಎಂಬ ವಾಗ್ಮಿ ಶಿಕ್ಷೆ ಕೊಡಿಸಿದ. ಹೊರಿಸಿದ ಅಪರಾಧ ಇಷ್ಟೇ: ಅವನು ದೊಡ್ಡ ಲಾಭವನ್ನು ಬೇಡಿಕೊಂಡಿದ್ದ, ಹಲವರು ಸಾಯದೆ ಅಷ್ಟು ಲಾಭ ಬರುವಂತಿರಲಿಲ್ಲ.

ಸೆನೆಕಾ ಈ ತೀರ್ಪನ್ನು ಒಪ್ಪುವುದಿಲ್ಲ. ವ್ಯಾಪಾರಿ ಹೆಚ್ಚು ಗಿರಾಕಿಗಳನ್ನೇ ಬಯಸಿದ ಎಂದು ಹೇಗೆ ಹೇಳುವುದು? ಅಗ್ಗಕ್ಕೆ ಕೊಂಡು ಒಳ್ಳೆಯ ಬೆಲೆಗೆ ಮಾರುವುದನ್ನಷ್ಟೇ ಬಯಸಿರಬಹುದು. ಅಲ್ಲದೆ ಒಬ್ಬನನ್ನು ಹೀಗೆ ಶಿಕ್ಷಿಸಿದರೆ ಇಡೀ ಊರನ್ನೇ ಶಿಕ್ಷಿಸಬೇಕಾಗುತ್ತದೆ. ರೈತನಿಗೆ ಧಾನ್ಯದ ಬೆಲೆಯೇರಿಕೆ ಹಿತ, ವಕೀಲನಿಗೆ ವ್ಯಾಜ್ಯ, ವೈದ್ಯನಿಗೆ ರೋಗದ ವರ್ಷ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಮೊಂಟೇನ್ ಇದೇ ಕಥೆಯನ್ನು ಎತ್ತಿಕೊಂಡು ಪುಟ್ಟ ಪ್ರಬಂಧವೊಂದನ್ನು ಬರೆದ. ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಬರುತ್ತದೆ, ಒಂದರ ಅಳಿವಿನಿಂದ ಇನ್ನೊಂದು ಹುಟ್ಟುವುದು ಪ್ರಕೃತಿಯ ಕ್ರಮವೇ ಎಂದು ಅವನು ಮುಗಿಸುತ್ತಾನೆ.

ಮೊಂಟೇನನ ಮಾತು ಟೆಸ್ಟ್ ಕಿಟ್‌ಗೆ ಪೂರ್ತಿ ಹೊಂದುವುದಿಲ್ಲ. ರೋಗದಿಂದ ನಷ್ಟವಾದದ್ದು ನಿಜ. ಕಿಟ್ ಆ ನಷ್ಟವನ್ನು ತಂದದ್ದಲ್ಲ, ಅದನ್ನು ತಗ್ಗಿಸಲು ಬಂದದ್ದು. ಸೋಂಕು ತಿಳಿದು ಮನೆಯಲ್ಲೇ ಉಳಿದವನು ವಯಸ್ಸಾದ ತಂದೆತಾಯಿಗೆ ರೋಗ ಅಂಟಿಸದೆ ಉಳಿದಿದ್ದರೆ, ಕಿಟ್ ಕೊಂಡವನಿಗೂ ಮಾರಿದವನಿಗೂ ಲಾಭವೇ ಆಯಿತು. ಹಾಗಾಗಿ ಲಾಭದ ಸಂದರ್ಭ ರೋಗ ಎಂಬುದೊಂದೇ ಕಾರಣಕ್ಕೆ ಅದನ್ನು ಪಾಪದ ಹಣ ಎನ್ನಲು ಬರುವುದಿಲ್ಲ.

ಆದರೂ ಸೆನೆಕಾನ ಅದೇ ಗ್ರಂಥದಲ್ಲಿ, ಈ ಕಥೆಗೆ ಹಿನ್ನೆಲೆಯಾಗಿ, ಇನ್ನೊಂದು ವಿಚಾರವಿದೆ. ಉಪಕಾರ ಮಾಡಿದವನ ಋಣ ತೀರಿಸುವ ಆತುರದಲ್ಲಿ, ಅವನಿಗೆ ಕಷ್ಟ ಬರಲಿ, ಆಗ ನಾನು ನೆರವಾಗುತ್ತೇನೆ ಎಂದು ಹಾರೈಸುವವನನ್ನು ಸೆನೆಕಾ ಕೃತಘ್ನನೆಂದೇ ಕರೆಯುತ್ತಾನೆ. ನೆರವಾಗಲು ಸಿದ್ಧನಿರುವುದು ಬೇರೆ, ನೆರವಾಗುವ ಅವಕಾಶಕ್ಕಾಗಿ ಕಷ್ಟವನ್ನೇ ಕರೆಯುವುದು ಬೇರೆ. ಕಿಟ್ ಕಂಪನಿಯ ಷೇರುದಾರ 'ನಮ್ಮದು ಜನಸೇವೆ' ಎಂದು ಸಮಾಧಾನಪಟ್ಟುಕೊಳ್ಳುವಾಗ ಎದುರಿಸಬೇಕಾದದ್ದು ಡೆಮಾಡೀಸನನ್ನಲ್ಲ, ಈ ಮಾತನ್ನು.

ಅಂದಾಜು ಮತ್ತು ಹಾರೈಕೆ

ಭಾರತೀಯ ಚಿಂತನೆ ಈ ವ್ಯತ್ಯಾಸವನ್ನು ಬಹಳ ನವುರಾಗಿ ಬಿಡಿಸಿಟ್ಟಿದೆ. ಹಿಂಸೆಯಲ್ಲಿ ಮೂರು ಬಗೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಆದದ್ದಕ್ಕೆ ಮನಸ್ಸಿನಲ್ಲಿ ಒಪ್ಪಿಗೆ ಕೊಟ್ಟದ್ದು. ಕೃತ, ಕಾರಿತ, ಅನುಮತ ಎಂಬ ಈ ವಿಂಗಡಣೆ ಜೈನರ ತತ್ತ್ವಾರ್ಥಸೂತ್ರದಲ್ಲೂ ಪತಂಜಲಿಯ ಯೋಗಸೂತ್ರದಲ್ಲೂ ಇದೆ. ವೈರಸ್ ಹರಡಿದ್ದರಲ್ಲಿ ಷೇರುದಾರನ ಕೈ ಇಲ್ಲ, ಅವನು ಹರಡಿಸಿದ್ದೂ ಅಲ್ಲ. ಮೊದಲ ಎರಡು ದೋಷಗಳು ಅವನನ್ನು ಮುಟ್ಟುವುದಿಲ್ಲ. ಮೂರನೆಯದು ಮುಟ್ಟಬಹುದು.

ಅದು ಮುಟ್ಟುವ ಕ್ಷಣ ಇಂಥದ್ದು. ಹೂಡಿಕೆದಾರ ರಾತ್ರಿ ಮೊಬೈಲಿನಲ್ಲಿ ಸೋಂಕಿನ ಅಂಕಿಅಂಶ ತೆರೆಯುತ್ತಾನೆ. ವಾರದಿಂದ ಇಳಿಯುತ್ತಿದ್ದ ಸಂಖ್ಯೆ ಮತ್ತೆ ಮೇಲೆ ತಿರುಗಿದೆ. ಷೇರಿನ ನೆನಪಾಗಿ ಒಳಗೆಲ್ಲೋ ಒಂದು ಹಗುರ, ಒಂದು ಸಣ್ಣ ಹಿಗ್ಗು. ಆ ಸಂಖ್ಯೆಯಲ್ಲಿ ಆಮ್ಲಜನಕಕ್ಕಾಗಿ ಕಾಯುತ್ತಿರುವವರಿದ್ದಾರೆ ಎಂಬುದು ಅವನಿಗೆ ಗೊತ್ತು. ಆ ಹಿಗ್ಗಿನ ಗಳಿಗೆಯಲ್ಲಿ ಮಾತ್ರ ಅದು ಗೊತ್ತಿಲ್ಲದಂತೆ ಆಗಿರುತ್ತದೆ. ಜೈನ ಶಾಸ್ತ್ರ ಇಂಥ ಚಿತ್ತವೃತ್ತಿಯನ್ನು ರೌದ್ರಧ್ಯಾನದ ಸಾಲಿಗೆ ಸೇರಿಸುತ್ತದೆ. ಹಿಂಸೆ, ಸುಳ್ಳು, ಕಳವುಗಳ ಜೊತೆಗೆ, ಗಳಿಸಿದ ವಸ್ತುವನ್ನು ಕಾಪಾಡಿಕೊಳ್ಳುವ ಅತಿಚಿಂತೆಯಲ್ಲಿ ಮನಸ್ಸು ನೆಟ್ಟುಹೋಗುವುದನ್ನೂ ಅದು ರೌದ್ರಧ್ಯಾನವೆಂದೇ ಎಣಿಸುತ್ತದೆ. ಹೊರಗೆ ಯಾರಿಗೂ ಕೇಡಾಗದಿದ್ದರೂ ಈ ಹಿಗ್ಗು ಅದನ್ನು ಹೊತ್ತವನನ್ನು ಕೆಡಿಸುತ್ತದೆ ಎಂಬುದು ಅದರ ನಿಲುವು.

ಹಾಗೆಂದು ಅಂದಾಜು ಮಾಡುವುದೇ ಪಾಪವೆಂದಲ್ಲ. ಚಳಿಗಾಲದಲ್ಲಿ ಸೋಂಕು ಏರಬಹುದು ಎಂದು ಆರೋಗ್ಯ ಇಲಾಖೆಯೂ ಅಂದಾಜಿಸುತ್ತದೆ, ಆಸ್ಪತ್ರೆಯೂ ಹಾಸಿಗೆ ಸಿದ್ಧ ಮಾಡುತ್ತದೆ. ಬರಬಹುದು ಎಂದು ತಿಳಿಯುವುದು ಬುದ್ಧಿಯ ಕೆಲಸ, ಬರಲಿ ಎಂದು ಬಯಸುವುದು ಇಚ್ಛೆಯ ಕೆಲಸ. ಎರಡನ್ನೂ ಬೇರೆ ಮಾಡುವ ಪರೀಕ್ಷೆ ಸರಳವಾಗಿದೆ. ನಾಳೆಯೇ ರೋಗ ಮಾಯವಾಗಿ ಹಾಕಿದ ಹಣವೆಲ್ಲ ಮುಳುಗಿದರೆ, ಆ ಸುದ್ದಿಯನ್ನು ಒಳ್ಳೆಯ ಸುದ್ದಿಯೆಂದು ಸ್ವೀಕರಿಸಲು ಸಾಧ್ಯವೇ? ಸಾಧ್ಯವೆನ್ನುವವನ ಹೂಡಿಕೆ ನಿರ್ದೋಷವಾದದ್ದು. ಸಾಧ್ಯವಾಗದವನು ತನ್ನ ಶಕ್ತಿ ಮೀರಿ ಹಣ ಹಾಕಿದ್ದಾನೆ ಅಥವಾ ತನ್ನ ಮನಸ್ಸನ್ನೇ ಹೂಡಿದ್ದಾನೆ. ಮುಳುಗಿದರೂ ಬದುಕು ನಡೆಯುವಷ್ಟು ಹಣವನ್ನೇ ಹಾಕಬೇಕು ಎಂಬ ಷೇರುಪೇಟೆಯ ಸಾಮಾನ್ಯ ವಿವೇಕಕ್ಕೆ ಇಲ್ಲಿ ನೈತಿಕ ಅರ್ಥವೂ ಬರುತ್ತದೆ. ಸಾಲ ಮಾಡಿ ಕೊಂಡವನಿಗೆ ಲೋಕದ ಕ್ಷೇಮ ಹಾರೈಸುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ.

ನಿಜ ಹೇಳುವ ಹೊಣೆ

ಇಚ್ಛೆ ಒಳಗಿನ ವಿಷಯ. ವ್ಯವಹಾರದಲ್ಲಿ ಕಾಣುವ ಧರ್ಮ ಸತ್ಯದ್ದು. ರೋಮಿನ ಚಿಂತಕ ಸಿಸೆರೊ ಕರ್ತವ್ಯಗಳನ್ನು ಕುರಿತ ಗ್ರಂಥದಲ್ಲಿ ಒಂದು ಸಂದರ್ಭವನ್ನು ಮುಂದಿಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ಧಾನ್ಯದ ಬೆಲೆ ಗಗನಕ್ಕೇರಿದೆ. ಅಲೆಕ್ಸಾಂಡ್ರಿಯದಿಂದ ಧಾನ್ಯ ತಂದ ವ್ಯಾಪಾರಿಗೆ ಹಿಂದೆಯೇ ಇನ್ನೂ ಹಲವು ಹಡಗುಗಳು ಬರುತ್ತಿರುವುದು ಗೊತ್ತು. ಅದನ್ನು ಅವನು ಕೊಳ್ಳುವವರಿಗೆ ಹೇಳಬೇಕೇ? ಸರಕಿನ ದೋಷವನ್ನು ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಎಂದು ಸ್ಟೋಯಿಕ್ ಪಂಥದ ಡಯೋಜಿನೀಸ್. ಕೊಳ್ಳುವವನಿಗೆ ತಿಳಿಯಬೇಕಾದ ಏನನ್ನೂ ಮುಚ್ಚಿಡಬಾರದು ಎಂದು ಅವನ ಶಿಷ್ಯ ಆಂಟಿಪೇಟರ್. ಸಿಸೆರೊ ಶಿಷ್ಯನ ಪಕ್ಷ ವಹಿಸುತ್ತಾನೆ. ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಸ್, ಮುಂದೆ ಬರಲಿರುವ ಹಡಗಿನ ವಿಷಯ ಹೇಳುವುದು ನ್ಯಾಯದ ಕಡ್ಡಾಯವಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ ಎಂದ. ಸರಕಿನಲ್ಲೇ ಇರುವ ಅಪಾಯಕಾರಿ ದೋಷವನ್ನು ಮಾತ್ರ ಹೇಳಲೇಬೇಕು ಎಂದ. ಮಹಾಭಾರತದ ಶಾಂತಿಪರ್ವದಲ್ಲಿ ತಪಸ್ವಿ ಜಾಜಲಿಗೆ ಧರ್ಮ ಬೋಧಿಸುವ ವರ್ತಕ ತುಲಾಧಾರನ ಹಿರಿಮೆಯೂ ಇದೇ: ಅವನ ತಕ್ಕಡಿ ಎಲ್ಲರಿಗೂ ಸಮ.

ಧಾನ್ಯಕ್ಕೆ ಕಣ್ಣಿಗೆ ಕಾಣುವ ಗುಣವಿದೆ. ಕಿಟ್‌ನ ಗುಣ ಕೊಳ್ಳುವವನಿಗೆ ಕಾಣುವುದೇ ಇಲ್ಲ. ಅದು ಸುಳ್ಳು ಹೇಳಿದರೂ ಗೆರೆ ಅಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಹಾಗಾಗಿ ಇಲ್ಲಿ ಆಂಟಿಪೇಟರನ ನಿಲುವೇ ಸರಿ. ಆಸ್ಟ್ರೇಲಿಯಾದ ಎಲ್ಯೂಮ್ ಕಂಪನಿಯ ಕಿಟ್‌ಗಳಲ್ಲಿ ಸುಳ್ಳು ಪಾಸಿಟಿವ್ ಹೆಚ್ಚಿರುವುದು ಕಂಡಾಗ 2021ರಲ್ಲಿ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಕಿಟ್‌ಗಳನ್ನು ಹಿಂಪಡೆಯಲಾಯಿತು. ಅಂಥ ಹಿಂಪಡೆತ ಷೇರುದಾರನಿಗೆ ನಷ್ಟ, ಧರ್ಮಕ್ಕೆ ಲಾಭ. ದೋಷವನ್ನು ಬೇಗ ಒಪ್ಪಿಕೊಳ್ಳುವ ಕಂಪನಿಯನ್ನು ಹೂಡಿಕೆದಾರರು ಶಿಕ್ಷಿಸುತ್ತ ಹೋದರೆ, ಮುಚ್ಚಿಡುವ ಕಂಪನಿಯನ್ನು ಅವರೇ ಬೆಳೆಸಿದಂತಾಗುತ್ತದೆ.

ನ್ಯಾಯಬೆಲೆ ಮತ್ತು ದಾಸ್ತಾನು

ಬೆಲೆಯ ಪ್ರಶ್ನೆ ಭಾರತದಲ್ಲೇ ನ್ಯಾಯಾಲಯದ ಮೆಟ್ಟಿಲೇರಿತ್ತು. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ರ್‍ಯಾಪಿಡ್ ಆಂಟಿಬಾಡಿ ಕಿಟ್‌ಗಳ ಬಗ್ಗೆ ಆಮದುದಾರ ಮತ್ತು ವಿತರಕರ ನಡುವೆ ಎದ್ದ ಜಗಳ ದೆಹಲಿ ಹೈಕೋರ್ಟ್ ತಲುಪಿತು. ದೇಶಕ್ಕೆ ಬಂದಿಳಿದಾಗ 245 ರೂಪಾಯಿ ಬಿದ್ದ ಕಿಟ್ 600 ರೂಪಾಯಿಗೆ ಮಾರಾಟವಾಗುತ್ತಿದ್ದುದು ಆಗ ಬೆಳಕಿಗೆ ಬಂತು. 155 ರೂಪಾಯಿ ಲಾಭವೇ ಬೇಕಾದಷ್ಟಾಯಿತು ಎಂದ ನ್ಯಾಯಾಲಯ ಬೆಲೆಯನ್ನು 400 ರೂಪಾಯಿಗೆ ಮಿತಿಗೊಳಿಸಿತು. ಫಲಿತಾಂಶ ನಂಬುವಂತಿರದ ಕಾರಣ ಕೆಲವೇ ದಿನಗಳಲ್ಲಿ ಆ ಕಿಟ್‌ಗಳ ಬಳಕೆಯನ್ನೇ ನಿಲ್ಲಿಸುವಂತೆ ರಾಜ್ಯಗಳಿಗೆ ಸೂಚನೆ ಹೋಯಿತು. ಶ್ರಮಕ್ಕೂ ಅಪಾಯಕ್ಕೂ ಸಿಗಬೇಕಾದ ಲಾಭ ಬೇರೆ, ಜನರ ಗತಿಗೆಟ್ಟ ಸ್ಥಿತಿಯಿಂದ ಕಸಿಯುವ ಲಾಭ ಬೇರೆ ಎಂಬುದನ್ನು ಈ ಪ್ರಕರಣ ಅಂಕಿಗಳಲ್ಲೇ ತೋರಿಸಿತು.

ಇಸ್ಲಾಮಿನ ಧರ್ಮಶಾಸ್ತ್ರ ಬೆಲೆ ಏರಲೆಂದು ಸರಕನ್ನು ತಡೆಹಿಡಿಯುವುದನ್ನು 'ಇಹ್ತಿಕಾರ್' ಎಂದು ಕರೆದು ನಿಷೇಧಿಸುತ್ತದೆ. ಇದು ಆಹಾರಧಾನ್ಯಕ್ಕಷ್ಟೇ ಅನ್ವಯ ಎಂದವರಿದ್ದಾರೆ. ಎಂಟನೆಯ ಶತಮಾನದ ನ್ಯಾಯವೇತ್ತ ಅಬೂ ಯೂಸುಫ್ ಮಾತ್ರ, ತಡೆಹಿಡಿದರೆ ಜನರಿಗೆ ಕೇಡಾಗುವ ಎಲ್ಲ ವಸ್ತುಗಳಿಗೂ ಇದು ಅನ್ವಯ ಎಂದ. ಆ ಮಾತಿನಂತೆ ಸಾಂಕ್ರಾಮಿಕದ ಕಾಲದ ಕಿಟ್ ಕೂಡ ಈ ನಿಷೇಧದೊಳಗೆ ಬರುತ್ತದೆ.

ಇನ್ನೊಂದು ಸಂದರ್ಭ ಇಷ್ಟು ನೇರವಾಗಿಲ್ಲ. 2021ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಬೇಡಿಕೆ ಕುಸಿದಾಗ ಅಬಾಟ್ ಮೇನ್ ರಾಜ್ಯದ ತನ್ನ ಘಟಕದಲ್ಲಿ ಕಿಟ್‌ಗಳ ಪರೀಕ್ಷಾ ಕಾರ್ಡ್‌ಗಳನ್ನು ನಾಶಪಡಿಸಿತು, ಕೆಲಸಗಾರರನ್ನು ಮನೆಗೆ ಕಳಿಸಿತು ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅವು ಪೂರ್ಣ ಕಿಟ್‌ಗಳಲ್ಲ, ಬಾಳಿಕೆ ಅವಧಿಯ ಮಿತಿಯಿದ್ದ ಬಿಡಿಭಾಗಗಳು ಎಂಬುದು ಕಂಪನಿಯ ಸಮಜಾಯಿಷಿ. ವೈರಸ್ಸಿನ ಡೆಲ್ಟಾ ರೂಪಾಂತರಿ ಹಬ್ಬಿದಾಗ ಕಿಟ್ ಸಾಲದಾದವು; ಡಿಸೆಂಬರ್‌ನಲ್ಲಿ ಓಮೈಕ್ರಾನ್ ಬಂದಾಗ ಜನ ಕಿಟ್‌ಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಕೊಳ್ಳುವವರಿಲ್ಲದ ಸರಕನ್ನು ತಯಾರಿಸುತ್ತಲೇ ಇರಿ ಎಂದು ಯಾವ ಷೇರುದಾರನೂ ಹೇಳಲಾರ. ರೋಗವಿಲ್ಲದ ಕಾಲದಲ್ಲೂ ಸಿದ್ಧವಾಗಿರುವ ಹೊಣೆ ಇಡೀ ಸಮಾಜದ್ದು, ಅದರ ಖರ್ಚೂ ಸಮಾಜದ್ದೇ. 2020ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ದಾರಿ ತೋರಿಸಿತು. ಗೇಟ್ಸ್ ಪ್ರತಿಷ್ಠಾನ ಖರೀದಿಯ ಖಾತರಿ ಕೊಟ್ಟಿತು. ಅಬಾಟ್ ಮತ್ತು ಎಸ್‌ಡಿ ಬಯೋಸೆನ್ಸರ್ ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ 12 ಕೋಟಿ ಕಿಟ್‌ಗಳನ್ನು ಐದು ಡಾಲರ್ ಮೀರದ ಬೆಲೆಗೆ ಒದಗಿಸಲು ಒಪ್ಪಿದವು. ಖಾತರಿ ಇದ್ದಲ್ಲಿ ತಯಾರಕನ ಲಾಭಕ್ಕೆ ಜನರ ಭಯ ಬಂಡವಾಳವಾಗಬೇಕಿಲ್ಲ.

ಫಲ ಯಾರದು?

ಕ್ವಿಡೆಲ್ ಮತ್ತು ಅಬಾಟ್‌ಗಳ ವರಮಾನದ ಹಿಂದೆ ತೆರಿಗೆದಾರರ ಹಣವೂ ಇತ್ತು. ಪಾಲುದಾರರು ಹಲವರಿದ್ದಾಗ ಫಲ ಷೇರುದಾರನೊಬ್ಬನದೇ ಆಗುವುದು ಹೇಗೆ? ಹನ್ನೆರಡನೆಯ ಶತಮಾನದ ಶರಣರ ಕಾಯಕ-ದಾಸೋಹ ತತ್ತ್ವ ಇಲ್ಲಿ ಕಠಿಣವಾದ ಪ್ರಶ್ನೆಯನ್ನು ಕೇಳುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಮೈ ಬಗ್ಗಿಸದೆ ಬಂದ ಷೇರಿನ ಲಾಭವನ್ನು ಕಾಯಕದ ಗಳಿಕೆ ಎಂದು ಆಕೆ ಒಪ್ಪುತ್ತಿದ್ದಳೆಂದು ಹೇಳಲಾಗದು. ಗಾಂಧೀಜಿಯ ಧರ್ಮದರ್ಶಿತ್ವದ ತತ್ತ್ವ ಇದಕ್ಕಿಂತ ಮೆತ್ತಗಿದೆ: ಹಣವಂತ ತನ್ನ ಹಣಕ್ಕೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವವನು. ಎರಡು ಪರಂಪರೆಗಳೂ ಸೇರುವ ಜಾಗ ಒಂದಿದೆ: ಸಂಕಟದ ವರ್ಷದಲ್ಲಿ ಬಂದ ಮಿಗತೆಯ ಒಂದು ಪಾಲು ಸಂಕಟಪಟ್ಟವರಿಗೆ ಮರಳಬೇಕು.

ಆಕ್ಷೇಪಗಳು

ಇಷ್ಟಕ್ಕೂ ಸಣ್ಣ ಹೂಡಿಕೆದಾರನಿಂದ ಏನಾಗುತ್ತದೆ ಎಂಬ ಆಕ್ಷೇಪವಿದೆ. ಷೇರುಪೇಟೆಯಲ್ಲಿ ಅವನು ಕೊಳ್ಳುವುದು ಇನ್ನೊಬ್ಬ ಷೇರುದಾರನಿಂದ. ಆ ಹಣ ಕಂಪನಿಗೆ ಹೋಗುವುದೇ ಇಲ್ಲ. ಇದು ನಿಜ. ಆದರೆ ಷೇರಿನ ಬೆಲೆಯೇ ಕಂಪನಿಯ ಮುಂದಿನ ಬಂಡವಾಳವನ್ನೂ ಆಡಳಿತಗಾರರ ನಡೆಯನ್ನೂ ತಿದ್ದುತ್ತದೆ, ಮತ್ತು ಆ ಬೆಲೆ ಸಣ್ಣವರೆಲ್ಲರ ನಿರ್ಧಾರಗಳ ಮೊತ್ತ. ಪಾಲು ಚಿಕ್ಕದಾದರೆ ಹೊಣೆ ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ. ಲಾಭದ ಆಸೆಯಿಲ್ಲದೆ ಇಷ್ಟು ಬೇಗ ಇಷ್ಟು ಕಿಟ್ ತಯಾರಾಗುತ್ತಿತ್ತೇ ಎಂಬುದು ಇನ್ನೊಂದು ಆಕ್ಷೇಪ. ಬಹುಶಃ ಆಗುತ್ತಿರಲಿಲ್ಲ. ಅದಕ್ಕೇ ಇಲ್ಲಿ ಲಾಭವನ್ನು ಅಲ್ಲಗಳೆದಿಲ್ಲ. ಅದಕ್ಕೊಂದು ಮೇರೆ ಹಾಕಿದೆ.

ಆ ಮೇರೆಯೊಳಗೆ ನಿಲ್ಲಬಯಸುವ ಹೂಡಿಕೆದಾರ ಕಂಪನಿಯ ಲೆಕ್ಕಪತ್ರದ ಜೊತೆಗೆ ಇನ್ನೂ ನಾಲ್ಕು ವಿಷಯ ನೋಡಬೇಕು. ಕಿಟ್‌ನ ನಿಖರತೆಯನ್ನು ಸ್ವತಂತ್ರ ಪರೀಕ್ಷಕರು ಒರೆಗೆ ಹಚ್ಚಿದ್ದಾರೆಯೇ? ಅದರ ಮಿತಿಯನ್ನು ಕೊಳ್ಳುವವನಿಗೆ ತಿಳಿಯುವ ಭಾಷೆಯಲ್ಲಿ ಬರೆದಿದ್ದಾರೆಯೇ? ಕೊರತೆಯ ಕಾಲದಲ್ಲಿ ಕಂಪನಿ ಬೆಲೆಯನ್ನು ಹಿಡಿತದಲ್ಲಿಟ್ಟಿತೇ? ಕೋವಿಡ್ ಹೋದ ಮೇಲೂ ಫ್ಲೂ, ಮಲೇರಿಯಾಗಳಂಥ ರೋಗಗಳ ಪತ್ತೆಗೆ ಅದರ ಕೌಶಲ ಒದಗುತ್ತದೆಯೇ? ನಾಲ್ಕನೆಯದು ವ್ಯಾಪಾರದ ದೃಷ್ಟಿಯಿಂದಲೂ ಮುಖ್ಯ. ಒಂದೇ ಸಾಂಕ್ರಾಮಿಕವನ್ನು ನೆಚ್ಚಿಕೊಂಡ ಲುಸಿರಾ, ಕ್ಯೂಗಳಂಥ ಕಂಪನಿಗಳು ಸಾಂಕ್ರಾಮಿಕ ತಗ್ಗಿದಂತೆ ಮುಳುಗಿದವು. ಹೊಸ ಅಲೆ ಬಂದರೆ ಮಾತ್ರ ಬದುಕುವ ಕಂಪನಿಯ ಷೇರುದಾರ ಅಲೆಯನ್ನು ಹಾರೈಸದೆ ಇರುವುದು ಕಷ್ಟ. ಅಲೆ ಬಾರದಿದ್ದರೂ ಜನರಿಗೆ ಬೇಕಾಗುವ ಕಂಪನಿಯನ್ನು ಆರಿಸಿಕೊಂಡವನು ಲಾಭವನ್ನೂ ಲೋಕದ ಆರೋಗ್ಯವನ್ನೂ ಒಟ್ಟಿಗೆ ಬಯಸಬಲ್ಲ.